ಆ ಮಾತ್ರೆ ಬೇರೆ, ಈ ಮಾತ್ರೆ ಬೇರೆ

ಪತ್ರ: ನನ್ನ 13 ವರ್ಷದ ಮಗನಿಗೆ ಫ್ರಜೈಲ್ ಎಕ್ಸ್ (ಬುದ್ಧಿಯ ಬೆಳವಣಿಗೆ ಕುಂದಿಸುವ ಆನುವಂಶಿಕ ಕಾಯಿಲೆ) ಇದೆ ಎಂದು ರಕ್ತಪರೀಕ್ಷೆಯಲ್ಲಿ ತಿಳಿದಿದೆ. ಕುಡಿತ ಬಿಡಿಸುವ ಮಾತ್ರೆ ಕೊಟ್ಟರೆ ಇಂಥ ಮಕ್ಕಳು ಸುಧಾರಿಸುತ್ತಾರಂತೆ. ನನ್ನ ತಮ್ಮನಿಗೆ ಡಾಕ್ಟರು ಬರೆದ ಡೈಸಲ್ಫಿರಾಮ್ 250 ಮಿ.ಗ್ರಾಂ. ಮನೆಯಲ್ಲೇ ಇದೆ. ಅರ್ಧ ಮಾಡಿ ಕೊಡಬಹುದೇ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ಬೇಡ, ಕಾಲು ಮಾತ್ರೆಯೂ ಬೇಡ. ನೀವು ಕೇಳಿದ ಸುದ್ದಿಗೆ ಬುಡವಿಲ್ಲದೆ ಇಲ್ಲ, ಆದರೆ ಅದು ಕುಡಿತ ಬಿಡಿಸಲೆಂದೇ ಕೊಡುವ ಅಕಾಂಪ್ರೊಸೇಟ್ ಎಂಬ ಬೇರೆಯೇ ಮಾತ್ರೆಯ ಸುದ್ದಿ.

ಡೈಸಲ್ಫಿರಾಮ್ ಕೆಲಸ ಮಾಡುವುದು ಮುಖ್ಯವಾಗಿ ಪಿತ್ತಜನಕಾಂಗದಲ್ಲಿ. ಇದನ್ನು ತಿಂದವರು ಕುಡಿದರೆ ಮದ್ಯಸಾರ ಪೂರ್ತಿ ಕರಗದೆ ಅಸಿಟಾಲ್ಡಿಹೈಡ್ ಆಗಿ ರಕ್ತದಲ್ಲಿ ಉಳಿಯುತ್ತದೆ. ಮುಖ ಕೆಂಪೇರಿ, ತಲೆ ಸಿಡಿದು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹುಡುಗ ಕುಡಿಯುವುದಿಲ್ಲವಲ್ಲ ಎನ್ನಬೇಡಿ. ನಮ್ಮ ಕಡೆ ಮನೆಮನೆಯಲ್ಲಿರುವ ದಶಮೂಲಾರಿಷ್ಟದಲ್ಲೂ ಕೆಲವು ಕೆಮ್ಮಿನ ಸಿರಪ್ಪಿನಲ್ಲೂ ಮದ್ಯಸಾರವಿದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅಪಾಯ ಉಳಿದಿರಬಹುದು. ಫಿಟ್ಸ್‌ಗೆ ಫೆನಿಟಾಯ್ನ್ ಕೊಡುತ್ತಿದ್ದರೆ ಅದರ ಮಟ್ಟವೂ ರಕ್ತದಲ್ಲಿ ಏರುತ್ತದೆ.

ಅಕಾಂಪ್ರೊಸೇಟ್ ನೇರವಾಗಿ ಮಿದುಳಿನ ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕದ ಸಂಕೇತಗಳ ಮೇಲೆ ಕೆಲಸ ಮಾಡುತ್ತದೆ. ಫ್ರಜೈಲ್ ಎಕ್ಸ್‌ನಲ್ಲಿ ಎಫ್‌ಎಂಆರ್1 ಜೀನಿನ ಸಿಜಿಜಿ ಎಂಬ ಡಿಎನ್‌ಎ ಅಕ್ಷರಗಳ ಪುನರಾವರ್ತನೆ 200 ದಾಟಿ ಜೀನು ಬಾಯಿ ಮುಚ್ಚುತ್ತದೆ. ಅದರ ಪ್ರೋಟೀನು ಇಲ್ಲದ ಕಡೆ ಈ ಸಂಕೇತಗಳಿಗೆ ಕಡಿವಾಣವಿರುವುದಿಲ್ಲ. ಅದಕ್ಕೇ ಅಮೆರಿಕದ ಕ್ರೇಗ್ ಎರಿಕ್ಸನ್ ತಂಡ ಇದನ್ನು ಪ್ರಯೋಗಿಸಿತು. 2010ರಲ್ಲಿ ಮೂವರು ವಯಸ್ಕರ ವರದಿ ಬಂತು, ಮಾತು ಸುಧಾರಿಸಿತ್ತು. 2013ರಲ್ಲಿ 12 ಮಕ್ಕಳಿಗೆ 10 ವಾರ ಕೊಟ್ಟಾಗ ಒಂಬತ್ತು ಮಂದಿಯಲ್ಲಿ ಗುಣ ಕಂಡಿತು.

ಆದರೆ ಆ 12 ಮಕ್ಕಳಿಗೂ ಔಷಧಿಯೇ ಸಿಕ್ಕಿತ್ತು, ಅದು ತಂದೆತಾಯಿಗೂ ಡಾಕ್ಟರಿಗೂ ಗೊತ್ತಿತ್ತು. ಹೋಲಿಸಿ ನೋಡಲು ಹುಸಿಮಾತ್ರೆ (ಔಷಧಿಯಿಲ್ಲದ ಮಾತ್ರೆ) ತಿಂದ ಗುಂಪೇ ಇರಲಿಲ್ಲ. ವರ್ತನೆಗೆ ಅಂಕ ಹಾಕುವವರು ಮನೆಯವರೇ ಆದಾಗ ಆಸೆಯೂ ಅಂಕದೊಳಗೆ ಸೇರುತ್ತದೆ. ಇದೇ ಕಾಯಿಲೆಗೆ ತುಂಬಾ ಭರವಸೆ ಹುಟ್ಟಿಸಿದ್ದ ಮಾವೊಗ್ಲುರಾಂಟ್ ಎಂಬ ಔಷಧಿ ಹುಸಿಮಾತ್ರೆಯೆದುರು ಗೆಲ್ಲಲಿಲ್ಲ, 2014ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಹಾಗಾಗಿ ಒಂಬತ್ತು ಎಂಬ ಅಂಕಿಯನ್ನು ನಾನಂತೂ ಸುಳಿವು ಎಂದೇ ಓದುತ್ತೇನೆ, ಚಿಕಿತ್ಸೆ ಎಂದಲ್ಲ. ಬುದ್ಧಿಮಾಂದ್ಯ ಹೋಯಿತು ಎಂದು ಆ ವರದಿಗಳೂ ಹೇಳಿಲ್ಲ.

ಮುಂದೆ ಯಾರಾದರೂ ತಜ್ಞರು ಅಕಾಂಪ್ರೊಸೇಟ್ ಬರೆದರೆ ಮೊದಲು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ನೋಡಿಸಿದ್ದಾರೆಯೇ ಎಂದು ಕೇಳಿ. ಈ ಮಾತ್ರೆ ಹೊರಹೋಗುವುದು ಮೂತ್ರಪಿಂಡದ ಮೂಲಕವೇ, ಮೂತ್ರಪಿಂಡದ ಕೆಲಸ ತೀರಾ ಕುಂದಿದವರಿಗೆ ಕೊಡುವಂತಿಲ್ಲ. 333 ಮಿ.ಗ್ರಾಂ. ಮಾತ್ರೆಯ ಮೇಲೆ ಕರುಳಿನಲ್ಲಷ್ಟೇ ಕರಗುವ ಲೇಪವಿದೆ, ಪುಡಿಮಾಡಿ ಅನ್ನದಲ್ಲಿ ಕಲಸಬಾರದು. ಭೇದಿ ಸಾಮಾನ್ಯ.

ಸದ್ಯಕ್ಕೆ ಬಡ್ಸ್ ಶಾಲೆ (ಬುದ್ಧಿಮಾಂದ್ಯ ಮಕ್ಕಳ ವಿಶೇಷ ಶಾಲೆ), ಮಾತಿನ ತರಬೇತಿ ಬಿಡಿಸಬೇಡಿ.

ಪತ್ರದಲ್ಲಿ ನೀವು ಕೇಳದ ಒಂದು ವಿಷಯವಿದೆ. ಮಗನಿಗೆ ಎಕ್ಸ್ ಕ್ರೋಮೋಸೋಮ್ ಬಂದಿರುವುದು ತಾಯಿಯಾದ ನಿಮ್ಮಿಂದ, ಆದ್ದರಿಂದ ನಿಮ್ಮ ಅಕ್ಕತಂಗಿಯರಲ್ಲೂ ತಮ್ಮನಲ್ಲೂ ಬದಲಾದ ಈ ಜೀನು ಇರಬಹುದು. ವಾಹಕ (ಪುನರಾವರ್ತನೆ ಹೆಚ್ಚಿದ್ದರೂ 200 ದಾಟದ) ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ 40ರೊಳಗೇ ಮುಟ್ಟು ನಿಲ್ಲುತ್ತದೆ, ವಾಹಕ ಗಂಡಸರಲ್ಲಿ ಕೆಲವರಿಗೆ 50 ದಾಟಿದ ಮೇಲೆ ಕೈನಡುಕ ಬರುತ್ತದೆ. ಮಣಿಪಾಲದ ಕೆಎಂಸಿಯಲ್ಲಿ ವೈದ್ಯಕೀಯ ತಳಿವಿಜ್ಞಾನ ವಿಭಾಗವಿದೆ. ಮಾಮೂಲಿ ಕ್ರೋಮೋಸೋಮ್ ಪರೀಕ್ಷೆ ಸಾಲದು, ಎಫ್‌ಎಂಆರ್1 ಡಿಎನ್‌ಎ ಪರೀಕ್ಷೆ ಎಂದೇ ಕೇಳಿ, ಮಗನ ರಿಪೋರ್ಟಿನ ನಕಲು ಜೊತೆಗಿರಲಿ.