ಎಲ್ಲರೂ ಪಾಸಾಗುವ ಊರಿನಲ್ಲಿ ಜಾಣ ಮಕ್ಕಳ ಪಾಡು

ಕಾಸರಗೋಡಿನ ಶಾಲೆಗಳಲ್ಲಿ ಬಹುಮಟ್ಟಿಗೆ ಎಲ್ಲರೂ ತೇರ್ಗಡೆಯಾಗುವಾಗ ಚುರುಕಾದ ಮಕ್ಕಳಿಗೆ ಓದು ಸಪ್ಪೆಯೆನಿಸುವುದಿಲ್ಲವೇ, ಮುಂದೆ ಕಾಲೇಜಿನಲ್ಲಿ ಅವರು ಹೇಗೆ ನಿಭಾಯಿಸುತ್ತಾರೆ ಎಂದು ತಾವು ಕೇಳಿದ್ದೀರಿ. ಸಪ್ಪೆಯೆನಿಸುವುದು ನಿಜ, ಇಲ್ಲಿಯ ಕನ್ನಡ ಮಾಧ್ಯಮದಲ್ಲಿ ಓದಿದ ನನಗೂ ಹಾಗೆಯೇ ಅನಿಸಿತ್ತು. 2024ರಲ್ಲಿ ಕೇರಳದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 99.69 ಇದ್ದರೆ, ಕರ್ನಾಟಕದ ಮೊದಲ ಪರೀಕ್ಷೆಯದು ಶೇ. 73.40. ಕೇರಳದಲ್ಲಿ ನೂರು ಅಂಕಗಳ ವಿಷಯದಲ್ಲಿ ಇಪ್ಪತ್ತು ಅಂಕಗಳು ನಿರಂತರ ಮೌಲ್ಯಮಾಪನದ ಹೆಸರಿನಲ್ಲಿ ಶಾಲೆಯಿಂದಲೇ ಬರುತ್ತವೆ. ಇದನ್ನು ಹಗುರವಾಗಿ ಕಾಣುವವನು ನಾನಲ್ಲ. ಬೀಡಿ ಕಟ್ಟುವ ಮನೆಯ ಮಗುವೂ ಹತ್ತನೆಯ ತರಗತಿಯಲ್ಲಿ ಓದು ನಿಲ್ಲಿಸದೆ ಮುಂದುವರಿಯುವುದು ಸಣ್ಣ ಸಾಧನೆಯಲ್ಲ. ಆದರೆ ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಬಂದು, ಪೇಟೆಯ ಫ್ಲೆಕ್ಸಿನಲ್ಲಿ ಭಾವಚಿತ್ರ ಏರಿದ ಮಗು ಒಂದು ಲೆಕ್ಕದ ಮುಂದೆ ಅರ್ಧ ಗಂಟೆ ತಿಣುಕಿದ್ದೇ ಇಲ್ಲದಿರಬಹುದು.

ಕನ್ನಡ ಮಾಧ್ಯಮದಲ್ಲಿ ಈ ಕೊರತೆ ಇನ್ನೂ ಹೆಚ್ಚು. ಪಠ್ಯಪುಸ್ತಕವನ್ನು ಸರಕಾರವೇ ಕನ್ನಡದಲ್ಲಿ ಅಚ್ಚು ಮಾಡಿಸಿ ಕೊಡುತ್ತದೆ. ಅದರಾಚೆಗೆ ಹೋಗಬೇಕೆನ್ನುವವರಿಗೆ ಟ್ಯೂಷನ್, ಗೈಡು, ಸ್ಪರ್ಧಾ ಪರೀಕ್ಷೆಯ ತರಬೇತಿ ಎಲ್ಲವೂ ಹೆಚ್ಚಾಗಿ ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿವೆ. ಪುಸ್ತಕ ಮುಗಿಸಿದ ಮಗುವಿಗೆ ಮುಂದಿನದನ್ನು ಕೊಡುವವರಿಲ್ಲ.

ನಮಗೆ ನಿಜವಾದ ಪರೀಕ್ಷೆ ಎದುರಾಗುತ್ತಿದ್ದುದು ತರಗತಿಯ ಹೊರಗೆ, ಶಾಲಾ ಕಲೋತ್ಸವದ ಯಕ್ಷಗಾನದ ತಯಾರಿಯಲ್ಲಿ. ತಾಳ ತಪ್ಪಿದರೆ ಗುರುಗಳು ಮತ್ತೆ ಮೊದಲಿನಿಂದ ಕುಣಿಸುತ್ತಿದ್ದರು. ಎದುರು ಪಾತ್ರಧಾರಿ ಎಸೆದ ಮಾತಿಗೆ ರಂಗದಲ್ಲೇ ಉತ್ತರ ಹುಡುಕಬೇಕಾಗುತ್ತಿತ್ತು. ವಿಜ್ಞಾನದಲ್ಲಿ ಆಕಳಿಸುತ್ತಿದ್ದ ಹುಡುಗರೇ ಅಲ್ಲಿ ಬೆವರುತ್ತಿದ್ದರು. ಆ ಶಿಸ್ತಿನ ಒಂದಂಶವಾದರೂ ಗಣಿತದ ತರಗತಿಗೆ ಏಕೆ ಬರಲಿಲ್ಲವೆಂದು ನಾನು ಈಗಲೂ ಯೋಚಿಸುವುದುಂಟು.

ಪ್ಲಸ್ ವನ್ (ಹನ್ನೊಂದನೆಯ ತರಗತಿ) ವಿಜ್ಞಾನಕ್ಕೆ ಸೇರಿದ ಕೂಡಲೇ ಚಿತ್ರ ಬದಲಾಗುತ್ತದೆ. ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಅನೇಕ ಕಡೆ ಮಲಯಾಳದಲ್ಲಿ, ಮನೆಯ ಮಾತು ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ. ಇಲ್ಲಿ ಒಂದು ಸೂಕ್ಷ್ಮವಿದೆ. ಪಾಠ ತಲೆಗೆ ಹತ್ತದಿದ್ದಾಗ ತನಗೆ ಅರ್ಥವಾಗದೆ ಉಳಿದದ್ದು ಭಾಷೆಯೋ ಭೌತಶಾಸ್ತ್ರವೋ ಎಂಬುದು ವಿದ್ಯಾರ್ಥಿಗೇ ತಿಳಿಯುವುದಿಲ್ಲ. ಮನೆಯವರು ಇಂಗ್ಲಿಷನ್ನು ದೂರುತ್ತಾರೆ, ತಮ್ಮನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುತ್ತಾರೆ. ಕಷ್ಟದ ಪ್ರಶ್ನೆಯೊಂದಿಗೆ ಜಗಳವಾಡುವ ಅಭ್ಯಾಸವೇ ಬೆಳೆದಿರಲಿಲ್ಲ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಬೆಳಗಿನ ರೈಲು ಹತ್ತಿ ಮಂಗಳೂರಿನ ಕಾಲೇಜುಗಳಿಗೆ ಹೋಗುವವರಿಗೆ ಮಲಯಾಳದ ತೊಡಕು ತಪ್ಪುತ್ತದೆಯಾದರೂ ಈ ಅಭ್ಯಾಸದ ಕೊರತೆ ಅವರ ಜೊತೆಗೇ ರೈಲು ಹತ್ತುತ್ತದೆ. ಮೊದಲ ಆಂತರಿಕ ಪರೀಕ್ಷೆಯ ಅಂಕ ನೋಡಿ ಕಂಗಾಲಾಗುವವರಲ್ಲಿ ಫ್ಲೆಕ್ಸಿನ ಮುಖಗಳೂ ಇರುತ್ತವೆ.

ತಮ್ಮ ಮಗಳನ್ನು ಇಲ್ಲಿಯ ಕನ್ನಡ ಶಾಲೆಗೆ ಸೇರಿಸುವ ವಿಚಾರವಿದ್ದರೆ ಧೈರ್ಯವಾಗಿ ಸೇರಿಸಿ. ಎಂಟನೆಯ ತರಗತಿಯಿಂದಲೇ ಕರ್ನಾಟಕದ ಕನ್ನಡ ಪಠ್ಯಪುಸ್ತಕಗಳನ್ನೂ, ಅದೇ ವಿಷಯದ ಎನ್‌ಸಿಇಆರ್‌ಟಿ ಇಂಗ್ಲಿಷ್ ಪುಸ್ತಕವನ್ನೂ ಜೊತೆಗಿಟ್ಟುಕೊಳ್ಳಲಿ. ಎರಡೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ವಾರಕ್ಕೊಂದಾದರೂ ಸುಲಭವಾಗಿ ಬಿಡಿಸಲಾಗದ ಲೆಕ್ಕ ಅವಳ ಪಟ್ಟಿಯಲ್ಲಿರಲಿ, ಉತ್ತರವನ್ನು ಮಾತ್ರ ಬೇಗನೆ ಹೇಳಿಕೊಡಬೇಡಿ.