ರಾತ್ರಿಯಿಡೀ ಪಂಪಿನ ಸದ್ದು: ಗೋಡೆಗೆ ಫೋಮ್ ಹಚ್ಚಿಸಲೇ, ಬಾಡಿಗೆ ಮನೆಯನ್ನೇ ಬಿಡಲೇ?

ಎರಡೂ ಬೇಡ. ಮಲಗುವ ಕೋಣೆಯ ನೆತ್ತಿಯ ಮೇಲೆ, ನಲ್ಲಿಗಳಿಗೆ ನೀರನ್ನು ಒತ್ತಡದಿಂದ ತಳ್ಳುವ ಪ್ರೆಶರ್ ಪಂಪು ಇದೆ, ಯಾರೂ ನೀರು ಬಳಸದ ಹೊತ್ತಿನಲ್ಲೂ ಐದಾರು ನಿಮಿಷಕ್ಕೊಮ್ಮೆ ತಾನೇ ಶುರುವಾಗಿ ನಿಲ್ಲುತ್ತದೆ ಎಂದು ಬರೆದಿದ್ದೀರಿ. ಅದನ್ನು ಓದುತ್ತಲೇ ನನಗೆ ಬೆಳಗಾವಿಯ ಆ ಮನೆ ಕಣ್ಣಿಗೆ ಕಟ್ಟಿತು.

ಟಿಳಕವಾಡಿಯಲ್ಲಿ ನಾಲ್ಕನೇ ಮಹಡಿ, ಅದೇ ಕೊನೆಯದು. 2017ರ ಡಿಸೆಂಬರ್‌ನಲ್ಲಿ ನಾನು, ಅತ್ತೆ, ಎರಡನೇ ತರಗತಿಯ ಮಗಳು ಹೋಗಿ ಸೇರಿಕೊಂಡೆವು. ಪತಿಗೆ ಆಗ ಹೊರರಾಜ್ಯದಲ್ಲಿ ಕೆಲಸ. ಮನೆ ನೋಡಲು ಹೋದದ್ದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಕಟ್ಟಡದ ತುಂಬ ಕುಕ್ಕರಿನ ಸೀಟಿ, ಮಕ್ಕಳ ಕೂಗಾಟ. ಆ ಗದ್ದಲದಲ್ಲಿ ಪಂಪು ಯಾರ ಕಿವಿಗೆ ಬೀಳಬೇಕು?

ಸದ್ದೆಂದರೆ ಆಗದವಳು ನಾನಲ್ಲ. ಅದಕ್ಕೆ ಮುಂಚೆ ರೈಲ್ವೆ ಗೇಟಿನ ಹತ್ತಿರದ ಮನೆಯಲ್ಲಿ ಆರು ವರ್ಷ ಇದ್ದೆವು. ನಡುರಾತ್ರಿ ಗಾಡಿ ಹೋದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದೆ, ಅಷ್ಟೆ. ಪಂಪಿನ ಸದ್ದು ಆ ಜಾತಿಯದಲ್ಲ. ಅದು ಕಿಟಕಿಯಿಂದ ಬರುವುದೇ ಇಲ್ಲ, ಮಂಚದ ಕಾಲಿನಿಂದ ಏರಿ ದಿಂಬಿನೊಳಗೆ ಸೇರಿಕೊಳ್ಳುತ್ತದೆ. ತಲೆಯ ಬಳಿ ಇಟ್ಟುಕೊಂಡ ಸ್ಟೀಲಿನ ತಂಬಿಗೆಯಲ್ಲಿ, ಪಂಪು ಶುರುವಾದಾಗಲೆಲ್ಲ, ನೀರಿನ ಮೇಲೆ ಒಂದರೊಳಗೊಂದು ಬಳೆ ಇಟ್ಟಂತೆ ಸಣ್ಣ ಅಲೆಗಳು ಏಳುತ್ತಿದ್ದವು. ಇಪ್ಪತ್ತು ಸೆಕೆಂಡು ಗುಂಯ್, ಕೊನೆಗೊಂದು ಟಕ್, ಆಮೇಲೆ ಐದು ನಿಮಿಷ ಮೌನ. ಆ ಮೌನವೇ ಹೆಚ್ಚು ಹಿಂಸೆ. ಈಗ ಬಂತು, ಈಗ ಬಂತು ಎಂದು ಕಾಯುತ್ತ ಯಾರಿಗಾದರೂ ನಿದ್ದೆ ಹತ್ತೀತೇ?

ಮಾಲೀಕರನ್ನು ಕೇಳಿದರೆ ಪಂಪು ಅಸೋಸಿಯೇಷನ್ನಿನದು ಎಂದರು. ಅಸೋಸಿಯೇಷನ್ ಕಾರ್ಯದರ್ಶಿಯವರು, ನೀವು ಬಾಡಿಗೆಯವರು, ಮಾಲೀಕರಿಂದ ಹೇಳಿಸಿ ಎಂದರು. ಕಿಟಕಿಗೆ ದಪ್ಪ ಗಾಜು, ದಪ್ಪ ಪರದೆ ಹಾಕಿಸಿದೆ. ಹದಿನಾಲ್ಕು ಸಾವಿರ ರೂಪಾಯಿ ಹೋಯಿತು. ಹೊರಗಿನ ಸದ್ದು ತಗ್ಗಿದ್ದರಿಂದ ಪಂಪು ಇನ್ನೂ ಸ್ಪಷ್ಟವಾಗಿ ಕೇಳತೊಡಗಿತು.

ಇನ್ನು ನಾನು ಮಾಡಿದ ತಪ್ಪು. ಇದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇನ್ನೆರಡು ವಾರ ನಿದ್ದೆ ಕೆಟ್ಟರೆ ನೀವೂ ಇದನ್ನೇ ಮಾಡುತ್ತೀರಿ ಎಂಬ ಭಯ ನನಗಿದೆ.

2018ರ ಮೇ ತಿಂಗಳು. ಮಗಳಿಗೆ ಜ್ವರ ಬಂದು ಮೂರು ರಾತ್ರಿ ಕಳೆದಿತ್ತು. ಅವಳಿಗೆ ಕಣ್ಣು ಹತ್ತಿದಾಗಲೆಲ್ಲ ಪಂಪು ಎಬ್ಬಿಸುತ್ತಿತ್ತು. ನಾಲ್ಕನೇ ರಾತ್ರಿ ಒಂದೂವರೆಗೆ ನಾನು ಎದ್ದು ಮೇಲೆ ಹೋದೆ. ತಾರಸಿಯ ಬಾಗಿಲಿಗೆ ಆಗ ಬೀಗ ಇರಲಿಲ್ಲ. ಮೆಟ್ಟಿಲು ಮುಗಿಯುವಲ್ಲಿ ಸ್ವಿಚ್ ಪೆಟ್ಟಿಗೆ, ಒಳಗೆ ನಾಲ್ಕು ಎಂಸಿಬಿ, ಅಂದರೆ ಕರೆಂಟ್ ಕಡಿಯುವ ಸ್ವಿಚ್ಚುಗಳು, ಯಾವುದರ ಮೇಲೂ ಹೆಸರಿಲ್ಲ. ಒಂದನ್ನು ಕೆಳಗಿಳಿಸಿದೆ, ಪಂಪು ನಿಂತಿತು. ಐದು ಗಂಟೆಗೆ ಎದ್ದು ಮತ್ತೆ ಮೇಲೇರಿಸಿದರೆ ಯಾರಿಗೂ ತೊಂದರೆಯಿಲ್ಲ ಎಂದುಕೊಂಡು ಬಂದು ಮಲಗಿದೆ.

ನನಗೆ ಗೊತ್ತಿಲ್ಲದಿದ್ದ ಸಂಗತಿಗಳು ಇವು. ಕೆಳಗಿನ ಸಂಪಿನಿಂದ ತಾರಸಿಯ ಟ್ಯಾಂಕಿಗೆ ನೀರೇರಿಸುವ ಮೋಟರಿಗೂ ಅದೇ ಎಂಸಿಬಿ. ಟ್ಯಾಂಕು ತಗ್ಗಿದರೆ ಅದು ಬೆಳಗಿನ ಜಾವ ತಾನೇ ಶುರುವಾಗುತ್ತಿತ್ತು. ಮೂರನೇ ಮಹಡಿಯ ವೈನಿಯ (ಆ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ, ನೆರೆಮನೆಯವರನ್ನೂ ಹಾಗೆಯೇ ಕರೆಯುತ್ತಾರೆ) ಸೊಸೆಗೆ ಮರುದಿನ ಕುಬಸ, ಅಂದರೆ ಸೀಮಂತ. ಗೋಕಾಕ, ಬೈಲಹೊಂಗಲದಿಂದ ಹಿಂದಿನ ಸಂಜೆಯೇ ಬಂದ ಬೀಗರು ಮಿಂದು, ಊಟ ಮುಗಿಸಿ, ಟ್ಯಾಂಕಿನ ತಳ ಕಾಣಿಸಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಐದು ತಿಂಗಳ ಮೇಲೆ ಮೊದಲ ಬಾರಿ ಸದ್ದಿಲ್ಲದ ಕೋಣೆಯಲ್ಲಿ ಮಲಗಿದವಳಿಗೆ ಅಲಾರಾಂ ಕೇಳಿಸುವುದಿಲ್ಲ ಎಂಬುದು.

ಬಾಗಿಲು ಬಡಿದಾಗ ಎಂಟು ಗಂಟೆ. ತೆರೆದರೆ ವೈನಿ. ಕೈಯಲ್ಲಿ ಖಾಲಿ ಕೊಡ, ಉಟ್ಟ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ನಿಮ್ಮ ಮನೆಯಲ್ಲೇನಾದರೂ ನೀರು ಬರುತ್ತಿದೆಯೇ ಎಂದು ಕೇಳಲು ಬಂದಿದ್ದರು, ಪಾಪ. ನಾನು ಅವರ ಮುಂದೆಯೇ ಮೇಲೆ ಓಡಿದೆ. ಹೇಳದೆ ಇರಲು ಆಗಲಿಲ್ಲ, ಹೇಳಿಬಿಟ್ಟೆ. ಅವರು ಬೈಯಲಿಲ್ಲ. “ಒಂದು ಮಾತು ನನಗೆ ಹೇಳಬಾರದಿತ್ತೇ ವೈನಿ? ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದು ಮಲಗಬಹುದಿತ್ತಲ್ಲ” ಎಂದಷ್ಟೇ ಅಂದರು. ಹೂ ಮುಡಿದು ಹಸೆಯ ಮೇಲೆ ಕೂರಬೇಕಾದ ಬಸುರಿ ಹೆಣ್ಣು ಒಂಬತ್ತೂವರೆಯವರೆಗೆ ಸ್ನಾನಕ್ಕೆ ಕಾದಳು.

ಆ ದಿನದಿಂದ ಸದ್ದಿನ ಮಾತೇ ಮುಗಿಯಿತು. ಸಭೆಯಲ್ಲಿ ನಾನು ಬಾಯಿ ತೆರೆದರೆ ನೀರು ನಿಲ್ಲಿಸಿದವಳು ಎಂಬುದಷ್ಟೇ ಎಲ್ಲರಿಗೂ ನೆನಪಾಗುತ್ತಿತ್ತು. ತಾರಸಿಗೆ ಬೀಗ ಬಿತ್ತು, ಕೀಲಿ ಕಾರ್ಯದರ್ಶಿಯವರ ಬಳಿ. ಕರಾರು ಮುಗಿದ ಮೇಲೆ ಮುಂದುವರಿಸುವುದಿಲ್ಲ ಎಂದು ಮಾಲೀಕರು ಹೇಳಿಬಿಟ್ಟರು. ನನ್ನ ದೂರು ನ್ಯಾಯವಾದದ್ದೇ. ಆದರೆ ಆ ಒಂದು ರಾತ್ರಿಯಲ್ಲಿ ಕಟ್ಟಡದವರ ಕಣ್ಣಿಗೆ ನಾನೇ ತಪ್ಪಿತಸ್ಥೆಯಾದೆ, ಪಂಪಿನ ಹತ್ತಿರ ಹೋಗಿ ನೋಡುವ ದಾರಿಯನ್ನೂ ಕಳೆದುಕೊಂಡೆ. ಮತ್ತೆ ನಾಲ್ಕು ತಿಂಗಳು ಹಾಗೆಯೇ ಕಳೆದವು. ದಯವಿಟ್ಟು ಆ ಸ್ವಿಚ್ಚನ್ನು ಮುಟ್ಟಬೇಡಿ.

ಸೆಪ್ಟೆಂಬರ್‌ನಲ್ಲಿ ಪಂಪಿನ ಬೇರಿಂಗ್ ಹೋಗಿ ಊರಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಿಂದ ಒಬ್ಬ ಹಿರಿಯ ಮೆಕ್ಯಾನಿಕ್ ಬಂದರು. ಎರಡು ಲೋಟ ಚಹಾ ಹಿಡಿದು, ಕಾರ್ಯದರ್ಶಿಯವರ ಒಪ್ಪಿಗೆ ಪಡೆದು, ನಾನೂ ಮೇಲೆ ಹೋದೆ. ಬೇರಿಂಗ್ ಬದಲಿಸಿದ ಮೇಲೆ ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿಕೊಂಡರು. ಬಳಿಕ ಪೈಪಿನ ಮೇಲೆ, ಕೊನೆಗೆ ನನ್ನ ಕೋಣೆಯ ಮೇಲಿನ ಸ್ಲ್ಯಾಬಿನ ಮೇಲೆ ಹಾಗೆಯೇ ಇಟ್ಟು ಕೇಳಿದರು. “ತಂಗಿ, ಪಂಪು ಈಗ ಚೆನ್ನಾಗಿದೆ. ನಡುರಾತ್ರಿ ಇದನ್ನು ಎಬ್ಬಿಸುತ್ತಿರುವವರು ಯಾರು, ಅದನ್ನು ಹುಡುಕು” ಎಂದರು.

ಪ್ರೆಶರ್ ಪಂಪು ಸುಮ್ಮನೆ ಶುರುವಾಗುವುದಿಲ್ಲ. ಪೈಪಿನಲ್ಲಿ ಒತ್ತಡ ಇಳಿದಾಗ ಮಾತ್ರ ಶುರುವಾಗುತ್ತದೆ. ರಾತ್ರಿ ಎರಡಕ್ಕೆ ಒತ್ತಡ ಇಳಿಯುತ್ತಿದೆ ಎಂದರೆ ಎಲ್ಲೋ ನೀರು ಸೋರುತ್ತಿದೆ. ಅವರು ಒಂದೊಂದೇ ಮನೆಗೆ ಇಳಿಯುವ ಪೈಪಿನ ವಾಲ್ವನ್ನು ತಾರಸಿಯಲ್ಲೇ ಮುಚ್ಚುತ್ತ ಹೋದರು, ನನ್ನನ್ನು ಗೇಜಿನ ಮುಳ್ಳು ನೋಡಲು ನಿಲ್ಲಿಸಿದರು. ಮುಚ್ಚಿದರೂ ಮುಳ್ಳು ಇಳಿಯುತ್ತಲೇ ಇತ್ತು. ಏಳನೆಯದನ್ನು ಮುಚ್ಚಿದಾಗ ನಿಂತಿತು. ಅದು ಪುಣೆಯಲ್ಲಿರುವವರ ಮನೆ, ವರ್ಷದಿಂದ ಬೀಗ. ಫ್ಲಶ್ ಟ್ಯಾಂಕಿನ ವಾಷರ್ ಹೋಗಿ ನೀರು ಹಗಲಿರುಳು ಇಳಿಯುತ್ತಿತ್ತು. ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಇನ್ನೊಂದು ದೋಷವೂ ಇತ್ತು. ಪಂಪಿನ ಪಕ್ಕದ ಸಣ್ಣ ಪ್ರೆಶರ್ ಟ್ಯಾಂಕಿನೊಳಗೆ ರಬ್ಬರ್ ಚೀಲ, ಅದರ ಸುತ್ತ ಗಾಳಿ. ಸಣ್ಣಪುಟ್ಟ ಸೋರಿಕೆಯನ್ನು ಆ ಗಾಳಿಯ ಒತ್ತಡವೇ ಸಂಭಾಳಿಸುತ್ತದೆ. ಗಾಳಿ ಹೋಗಿದ್ದರೆ ಲೋಟ ನೀರು ಇಳಿದರೂ ಪಂಪು ಎದ್ದು ಕೂರುತ್ತದೆ. ಬೈಕಿನ ಟೈರಿನಲ್ಲಿರುವಂತಹ ವಾಲ್ವ್ ಅದಕ್ಕೂ ಇರುತ್ತದೆ. ಒತ್ತಿದಾಗ ನೀರು ಬಂದರೆ ಚೀಲ ಹರಿದಿದೆ, ಬದಲಿಸಬೇಕು. ನಮ್ಮದರಲ್ಲಿ ನೀರೂ ಬರಲಿಲ್ಲ, ಗಾಳಿಯೂ ಬರಲಿಲ್ಲ. ಅವರು ಪಂಪನ್ನು ಬಂದ್ ಮಾಡಿ, ಪೈಪಿನ ನೀರು ಬಿಟ್ಟು, ಕಾಲುಪಂಪಿನಿಂದ ಗಾಳಿ ತುಂಬಿದರು. ಸ್ಲ್ಯಾಬಿಗೆ ನೇರವಾಗಿ ಬೋಲ್ಟ್ ಮಾಡಿದ್ದ ಪಂಪನ್ನು ಎತ್ತಿ ಕೆಳಗೆ ರಬ್ಬರ್ ಪ್ಯಾಡ್ ಕೊಟ್ಟರು, ಪೈಪು ಹಿಡಿದಿದ್ದ ಕ್ಲಾಂಪುಗಳ ಒಳಗೂ ರಬ್ಬರ್ ಸುತ್ತಿದರು. ಪ್ಯಾಡಿಗೂ ಕೂಲಿಗೂ ಸೇರಿ 1,800 ರೂಪಾಯಿ. ಅಂದು ರಾತ್ರಿ ತಂಬಿಗೆಯ ನೀರು ಅಲುಗಲಿಲ್ಲ.

ಆ ಶಾಂತ ಮನೆಯಲ್ಲಿ ನಾನಿದ್ದದ್ದು ಎರಡೇ ತಿಂಗಳು. ನವೆಂಬರ್‌ಗೆ ಖಾಲಿ ಮಾಡಬೇಕಾಯಿತು. ಮೇ ತಿಂಗಳ ಆ ರಾತ್ರಿ ಇಲ್ಲದಿದ್ದರೆ ಇಂದಿಗೂ ಅಲ್ಲೇ ಇರುತ್ತಿದ್ದೆ.

ಆದ್ದರಿಂದ ಫೋಮಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಫೋಮ್ ಕೋಣೆಯೊಳಗಿನ ಮಾರ್ದನಿಯನ್ನು ಹೀರುತ್ತದೆ, ಕಾಂಕ್ರೀಟಿನೊಳಗೆ ಹರಿದು ಬರುವ ನಡುಕವನ್ನು ತಡೆಯಲಾರದು. ಕಾನೂನನ್ನು ನೆಚ್ಚಿಕೊಂಡೂ ಕೂರಬೇಡಿ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಇರುವುದು ನಿಜ. ಆದರೆ ಮೋಟರಿನ ಗುಂಯ್‌ಕಾರ ಹೆಚ್ಚಾಗಿ 100 ಹರ್ಟ್ಸ್ ಆಸುಪಾಸಿನದು, ನಿಯಮದಲ್ಲಿರುವ, ಮನುಷ್ಯರ ಕಿವಿಗೆ ಹೊಂದಿಸಿ ಸದ್ದನ್ನು ಅಳೆಯುವ ‘ಎ’ ಮಾಪನ ಅಷ್ಟು ತಗ್ಗಿನ ಸ್ವರದಿಂದ ಸುಮಾರು 19 ಡೆಸಿಬೆಲ್ ಕಳೆದು ತೋರಿಸುತ್ತದೆ. ನಿಮ್ಮ ನಿದ್ದೆ ಕೆಡಿಸುವ ಸದ್ದು ಕಾಗದದ ಮೇಲೆ ಮಿತಿಯೊಳಗೇ ಇರಬಹುದು. ಇನ್ನು ಮನೆ ಬಿಡುವುದು: ಕಾರಣ ತಿಳಿಯದೆ ಬಿಟ್ಟರೆ ಇನ್ನೊಂದು ಪಂಪಿನ ಕೆಳಗೆ ಹೋಗಿ ಮಲಗುತ್ತೀರಿ. ಹುಡುಕಲೇಬೇಕಾಗಿ ಬಂದರೆ, ಮುಂಗಡ ಕೊಡುವ ಮೊದಲು ರಾತ್ರಿ ಹತ್ತರ ಮೇಲೆ ಹೋಗಿ ಮಲಗುವ ಕೋಣೆಯ ಗೋಡೆಗೆ ಅಂಗೈ ಊರಿ ಹತ್ತು ನಿಮಿಷ ನಿಲ್ಲಿ. ನಾನು ಈಗಿನ ಮನೆಯನ್ನು ಹಾಗೆಯೇ ನೋಡಿ ಹಿಡಿದೆ.

ನೀವು ಈಗ ಮಾಡಬೇಕಾದದ್ದು ಇಷ್ಟು. ಇಂದು ರಾತ್ರಿ ಹನ್ನೆರಡರಿಂದ ಒಂದರವರೆಗೆ ಪಂಪು ಶುರುವಾದ, ನಿಂತ ಹೊತ್ತನ್ನೆಲ್ಲ ಕಾಗದದಲ್ಲಿ ಬರೆದಿಡಿ. ಸದ್ದು ಜಾಸ್ತಿ ಎಂದರೆ ನಿಮ್ಮ ಕಿವಿ ಸೂಕ್ಷ್ಮ ಎನ್ನುತ್ತಾರೆ, ಗಂಟೆಗೆ ಹನ್ನೊಂದು ಬಾರಿ ಶುರುವಾಗುತ್ತಿದೆ ಎಂದರೆ ನೀರೂ ಕರೆಂಟೂ ಪೋಲಾಗುತ್ತಿದೆ ಎಂದು ಅಸೋಸಿಯೇಷನ್ನಿನವರೇ ಎದ್ದು ಕೂರುತ್ತಾರೆ. ಆ ಪಟ್ಟಿಯನ್ನು ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿ, ಅವರ ಹೆಸರಿನಲ್ಲೇ ಅಸೋಸಿಯೇಷನ್‌ಗೆ ಕಳಿಸಲು ಹೇಳಿ. ನಿಮ್ಮ ಕಟ್ಟಡದಲ್ಲಿ ಬೀಗ ಹಾಕಿದ ಮನೆ ಯಾವುದಾದರೂ ಇದೆಯೇ? ಎಣಿಸಿದ ಮೇಲೆ ಅದನ್ನೂ ಸೇರಿಸಿ ಇಲ್ಲಿಯೇ ಬರೆಯಿರಿ, ನೋಡುತ್ತೇನೆ.