ಮೊಬೈಲ್ ಕ್ರೋಮ್‌ನಲ್ಲಿ ಆಡ್ ಬ್ಲಾಕರ್ ಹಾಕೋದು ಹೇಗೆ?

ಹಾಕಲು ಆಗುವುದಿಲ್ಲ. ಕಂಪ್ಯೂಟರ್‌ನ ಕ್ರೋಮ್‌ನಲ್ಲಿರುವ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಸೌಲಭ್ಯ ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಸುಮ್ನೆ ಹುಡುಕಬೇಡಿ.

ನನ್ನ ಆಯ್ಕೆ ಫೈರ್‌ಫಾಕ್ಸ್ ಬ್ರೌಸರ್. ಅದರ ಮೆನು ತೆರೆದು, ಎಕ್ಸ್‌ಟೆನ್ಶನ್ಸ್‌ಗೆ ಹೋಗಿ, ಯುಬ್ಲಾಕ್ ಆರಿಜಿನ್ ಎಂಬ ಆಡ್ ಬ್ಲಾಕರ್ ಸೇರಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ. ಬಿಸಿಬೇಳೆ ಬಾತ್ ಮಾಡುವ ವಿಧಾನ ಓದುತ್ತಿರುತ್ತೀರಿ, ಬೇಳೆ ಎಷ್ಟು ಅಂತ ನೋಡುವಷ್ಟರಲ್ಲಿ ಪುಟ ಕೆಳಗೆ ಜಿಗಿದು ಹೆಬ್ಬೆರಳು ಜಾಹೀರಾತಿನ ಮೇಲೆ ಬೀಳುತ್ತದೆ, ಅಲ್ವಾ? ಆ ಕಾಟ ಬಹುತೇಕ ತಪ್ಪುತ್ತದೆ. ಡೇಟಾ ಕೂಡ ಉಳಿಯುತ್ತದೆ. ಯಾವುದಾದರೂ ಸೈಟ್ ಸರಿಯಾಗಿ ತೆರೆಯದಿದ್ದರೆ ಅದೊಂದಕ್ಕೆ ಬ್ಲಾಕರ್ ಆಫ್ ಮಾಡಿ.

ಆಪ್‌ಗಳ ಒಳಗಿನ ಜಾಹೀರಾತಿಗೆ ಇದು ಸಾಲದು. ಅದಕ್ಕೆ ಆಂಡ್ರಾಯ್ಡ್ 9ರಿಂದ ಪ್ರೈವೇಟ್ ಡಿಎನ್‌ಎಸ್ ಎಂಬ ಸೆಟ್ಟಿಂಗ್ ಇದೆ. ಸೈಟ್‌ನ ಹೆಸರು ಕೇಳಿ ಅದರ ಸರ್ವರ್ ಎಲ್ಲಿದೆ ಎಂದು ಹೇಳುವ ಸೇವೆಯೇ ಡಿಎನ್‌ಎಸ್. ಜಾಹೀರಾತು ತಡೆಯುವ ಆಡ್‌ಗಾರ್ಡ್‌ನಂಥ ಡಿಎನ್‌ಎಸ್ ಸೇವೆಯ ವಿಳಾಸ ಅಲ್ಲಿ ಹಾಕಿದರೆ, ಫೋನು ಜಾಹೀರಾತಿನ ಸರ್ವರ್ ಎಲ್ಲಿದೆ ಎಂದು ಕೇಳಿದಾಗ ಸರಿಯಾದ ಉತ್ತರವೇ ಸಿಗುವುದಿಲ್ಲ. ಆದರೆ ಯೂಟ್ಯೂಬ್ ಆಪ್‌ಗೆ ಇದು ನಾಟುವುದಿಲ್ಲ. ಅಲ್ಲಿ ವಿಡಿಯೊ, ಜಾಹೀರಾತು ಎರಡೂ ಒಂದೇ ಮನೆಯಿಂದ ಬರುತ್ತವೆ.

ಐಫೋನ್ ಇದ್ದರೆ ಆಪ್ ಸ್ಟೋರ್‌ನಿಂದ ಕಂಟೆಂಟ್ ಬ್ಲಾಕರ್ ಹಾಕಿಕೊಂಡು, ಸಫಾರಿಯ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿ. 2015ರ ಐಒಎಸ್ 9ರಿಂದಲೂ ಈ ಸೌಲಭ್ಯ ಇದೆ.